ಅದು ಫಿಯಟ್ ಅಲ್ಲ, ಹೆರಾಲ್ಡ್

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಶಿವಮೊಗ್ಗದಲ್ಲಿ ನಡೆದ ಹಳೆಯ ಕಾರುಗಳ ಮೆರವಣಿಗೆಗೆ ಒಂದು ಪೂರ್ತಿ ಪುಟ ಕೊಟ್ಟಿದ್ದೀರಿ. ಸಂತೋಷ. ಆ ಪುಟದ ಕೆಳಗಿನ ಎಡ ಮೂಲೆಯಲ್ಲಿ ನೀಲಿ ಬಣ್ಣದ ಪುಟ್ಟ ಕಾರೊಂದರ ಚಿತ್ರವಿದೆ. ಅದರ ಅಡಿಯಲ್ಲಿ ‘ನೋಡುಗರ ಮನ ಸೆಳೆದ ಹಳೆಯ ಫಿಯಟ್’ ಎಂದು ಅಚ್ಚಾಗಿದೆ. ಅದು ಫಿಯಟ್ ಅಲ್ಲ, ಸ್ಟ್ಯಾಂಡರ್ಡ್ ಹೆರಾಲ್ಡ್. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು ನಾನು. ತಪ್ಪು ಉತ್ತರದ ಮೇಲೆ ಕೆಂಪು ಗೀಟು ಎಳೆಯದೆ ಮುಂದಿನ ಪುಟ ತಿರುಗಿಸುವ ಅಭ್ಯಾಸ ಇನ್ನೂ ಬಂದಿಲ್ಲ.

ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿಯೇ ಬರೆಯುತ್ತಿದ್ದೇನೆ. ಫಿಯಟ್ಟಿನ ಬಾನೆಟ್ ಬೇರೆಲ್ಲ ಕಾರುಗಳದ್ದರ ಹಾಗೆ ಎಂಜಿನ್ನಿನ ಮೇಲಿನ ಮುಚ್ಚಳ ಅಷ್ಟೇ. ಹೆರಾಲ್ಡ್‌ನದು ಹಾಗಲ್ಲ. ದೀಪ, ಮಡ್‌ಗಾರ್ಡ್, ಮೂತಿ ಎಲ್ಲ ಸೇರಿ ಒಂದೇ ಚಿಪ್ಪು. ಎತ್ತಿದರೆ ಅಷ್ಟೂ ಒಟ್ಟಿಗೆ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಅದನ್ನು ಬಿಗಿದಿಡಲು ಎರಡೂ ಪಕ್ಕದಲ್ಲಿ, ಬಾಗಿಲಿಗಿಂತ ತುಸು ಮುಂದೆ, ಹೊರಗಡೆಯೇ ಒಂದೊಂದು ಕೊಂಡಿ. ನಿಮ್ಮ ಚಿತ್ರದಲ್ಲಿ ಎಡಗಡೆಯ ಕೊಂಡಿ ಚೆನ್ನಾಗಿ ಕಾಣುತ್ತಿದೆ. ನಮ್ಮ ಮನೆಯ ಕಾರಿನಲ್ಲಿ ಎಡಗಡೆಯದನ್ನು ಬಿಚ್ಚುವುದು ತಮ್ಮನ ಕೆಲಸ, ಬಲಗಡೆಯದು ನನ್ನದು. ಮಳೆಗಾಲದಲ್ಲಿ ವಾರಕ್ಕೆ ಮೂರು ಸಲವಾದರೂ ಬಿಚ್ಚಬೇಕಾಗುತ್ತಿದ್ದುದರಿಂದ ಆ ಕೊಂಡಿಯ ಗುರುತು ನನಗೆ ತಪ್ಪುವುದಿಲ್ಲ.

ಒಂದು ಅರ್ಧ ಅಂಕ ಕೊಡಬಹುದು. ಫಿಯಟ್ ಇಟಲಿಯದು, ಹೆರಾಲ್ಡ್ ಇಂಗ್ಲೆಂಡಿನದು. ಆದರೆ ಹೆರಾಲ್ಡ್‌ನ ಮುಖ ಮೈಕಟ್ಟು ಬರೆದುಕೊಟ್ಟವನು ಜೊವಾನಿ ಮಿಕೆಲೊಟ್ಟಿ ಎಂಬ ಇಟಲಿಯ ವಿನ್ಯಾಸಕಾರ. ಹಾಗಾಗಿ ಇಟಲಿಯ ನೆರಳು ಸ್ವಲ್ಪ ಇದ್ದೇ ಇದೆ. ‘ನೋಡುಗರ ಮನ ಸೆಳೆದ’ ಎಂಬುದಕ್ಕೆ ಮಾತ್ರ ಅಂಕ ಕೊಡಲಾರೆ. ಹದಿನೆಂಟು ವರ್ಷ ನಮ್ಮ ಮನೆಯಲ್ಲಿದ್ದ ಆ ಕಾರು ಒಬ್ಬರ ಮನವನ್ನೂ ಸೆಳೆದದ್ದು ನಾನು ಕಂಡಿಲ್ಲ.

ಲೇಖನದಲ್ಲಿ ಅಂಬಾಸಿಡರ್‌ಗೆ ಅರ್ಧ ಪುಟ ಕೊಟ್ಟಿದ್ದೀರಿ. ಅದು ನ್ಯಾಯವೇ. ಇಂಗ್ಲೆಂಡಿನಲ್ಲಿ ಮೋರಿಸ್ ಆಕ್ಸ್‌ಫರ್ಡ್‌ನ ಆ ಮೂರನೆಯ ಮಾದರಿ 1956ರಲ್ಲಿ ಬಂದು 1959ಕ್ಕೆ ಮುಗಿಯಿತು. ಅಲ್ಲಿ ಯಾರೂ ಅದಕ್ಕಾಗಿ ಕಣ್ಣೀರು ಹಾಕಿದಂತಿಲ್ಲ. ಅದೇ ಗಾಡಿ ಬಂಗಾಳದ ಉತ್ತರಪಾಡಾದಲ್ಲಿ ಅಂಬಾಸಿಡರ್ ಆಗಿ 2014ರವರೆಗೆ ತಯಾರಾಯಿತು. ಮಂತ್ರಿಗಳು ಕೂತರು, ಟ್ಯಾಕ್ಸಿಯವರು ಹನ್ನೊಂದು ಜನರನ್ನು ತುಂಬಿದರು, ಮದುಮಕ್ಕಳು ಹೂವು ಕಟ್ಟಿಸಿ ಹೋದರು, ಪ್ರೀತಿ ಹುಟ್ಟಿತು. ಫಿಯಟ್ಟಿಗೆ ಪೇಟೆಯ ವೈದ್ಯರು, ವಕೀಲರು ಇದ್ದರು. ಆಗ ಈ ದೇಶದಲ್ಲಿ ಮನೆಮಂದಿಗೆ ಸಿಗುತ್ತಿದ್ದುದೇ ಮೂರು ಕಾರು. ಮೂರರಲ್ಲಿ ಮೂರನೆಯದು ಹೆರಾಲ್ಡ್. ಮೂರೇ ಮಕ್ಕಳಿರುವ ತರಗತಿಯಲ್ಲಿ ಮೂರನೆಯ ಸ್ಥಾನ ಬಂದ ಹುಡುಗನ ಪಾಡು ಅದರದು.

ತರಗತಿ ಎಂದಾಗ ನೆನಪಾಯಿತು. ಇಂಗ್ಲೆಂಡಿನಲ್ಲಿ ಹೆರಾಲ್ಡ್‌ನ ಮೂಲ ಕಂಪನಿ ಸ್ಟ್ಯಾಂಡರ್ಡನ್ನು 1903ರಲ್ಲಿ ಶುರುಮಾಡಿದಾಗ ‘ಸ್ಟ್ಯಾಂಡರ್ಡ್’ ಎಂಬುದು ಗುಣಮಟ್ಟವನ್ನು ಸಾರುವ ಹೆಮ್ಮೆಯ ಶಬ್ದ. ಕಾಲ ಕಳೆದಂತೆ ‘ಡೀಲಕ್ಸ್’ ಎಂಬ ಪದ ಬಂದು, ಡೀಲಕ್ಸ್ ಅಲ್ಲದ ಅಗ್ಗದ್ದೆಲ್ಲ ಸ್ಟ್ಯಾಂಡರ್ಡ್ ಎಂದಾಯಿತು. 1963ರಲ್ಲಿ ಅಲ್ಲಿ ಆ ಹೆಸರನ್ನೇ ಕೈಬಿಟ್ಟರು. ಅಲ್ಲಿ ಹೆರಾಲ್ಡ್ ಹುಟ್ಟಿದ್ದೇ ಟ್ರಯಂಫ್ ಎಂಬ ಹೆಸರಿನಲ್ಲಿ. ಇಲ್ಲಿ ಅದನ್ನು ತಯಾರಿಸುತ್ತಿದ್ದ ಮದರಾಸಿನ ಕಾರ್ಖಾನೆಯವರು ಮಾತ್ರ ಸ್ಟ್ಯಾಂಡರ್ಡನ್ನು ಬಿಡಲಿಲ್ಲ. ನಮ್ಮ ಶಾಲೆಯ ಹುಡುಗರಿಗೆ ಆ ಪದಕ್ಕೆ ಗೊತ್ತಿದ್ದ ಅರ್ಥ ಒಂದೇ. ‘ನಿಮ್ಮ ಕಾರು ಎಷ್ಟನೇ ಸ್ಟ್ಯಾಂಡರ್ಡ್?’ ಎಂದು ನನ್ನನ್ನು ಕೇಳುತ್ತಿದ್ದರು. ‘ಒಂದನೆಯದು. ಪ್ರತಿ ವರ್ಷ ನಪಾಸಾಗುತ್ತದೆ’ ಎಂದು ತಮ್ಮ ಹೇಳಿಕೊಟ್ಟ ಉತ್ತರವನ್ನು ನಾನೂ ಒಪ್ಪಿಸುತ್ತಿದ್ದೆ.

ನಮ್ಮ ಮನೆ ತೀರ್ಥಹಳ್ಳಿ ತಾಲ್ಲೂಕಿನ ಮೇಗರವಳ್ಳಿಯಿಂದ ಒಳಗೆ ಎರಡು ಮೈಲಿ. 1973ರ ಬೇಸಿಗೆಯಲ್ಲಿ ಅಪ್ಪಯ್ಯ ಕೊಪ್ಪದ ಕಡೆಯ ಕಾಫಿ ತೋಟದವರೊಬ್ಬರಿಂದ ರೂ. 7,000 ಕೊಟ್ಟು ಇದನ್ನು ತಂದರು. 1965ರ ಗಾಡಿ, ನಾವು ಮೂರನೆಯ ಮಾಲೀಕರು. ಅಪ್ಪಯ್ಯನಿಗೆ ಬೇಕಾಗಿದ್ದುದು ಅಂಬಾಸಿಡರ್. ಹೊಸದಕ್ಕೆ ಹೆಸರು ಬರೆಸಿದರೆ ವರ್ಷಗಟ್ಟಲೆ ಕಾಯಬೇಕು, ಹಳೆಯದಕ್ಕೆ ಕೈ ಸುಡುವ ಬೆಲೆ. ಆ ವರ್ಷದ ಅಡಿಕೆಯ ದುಡ್ಡಿಗೆ ಒದಗಿದ್ದು ಹೆರಾಲ್ಡ್. ಅದು ಅಂಗಳಕ್ಕೆ ಬಂದ ದಿನ ಅಮ್ಮ ಆರತಿ ಎತ್ತಿದರು. ಅಜ್ಜಿ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ‘ಹಿಂದಿನವರು ಒಳಗೆ ಹೋಗುವುದು ಎಲ್ಲಿಂದ?’ ಎಂದು ಕೇಳಿದರು. ಅದಕ್ಕೆ ಇದ್ದದ್ದು ಎರಡೇ ಬಾಗಿಲು. ಮುಂದಿನ ಸೀಟನ್ನು ಮಡಚಿ, ಬೆನ್ನು ಬಗ್ಗಿಸಿ ನುಸುಳಬೇಕು. ಮಡಿ ಸೀರೆಯ ಅಜ್ಜಿ ಸಾಯುವವರೆಗೂ ಅದರ ಹಿಂದಿನ ಸೀಟಿನಲ್ಲಿ ಕೂರಲಿಲ್ಲ. ಮುಂದೆ ಅಪ್ಪಯ್ಯನ ಪಕ್ಕದ ಗದ್ದುಗೆ ಅವರದು. ಅಮ್ಮ, ನಾವು ಮೂವರು ಮಕ್ಕಳು ಹಿಂದೆ. ಇಂಗ್ಲೆಂಡಿನಲ್ಲಿ ಈ ಕಾರು ಕೊನೆಯವರೆಗೂ ಎರಡು ಬಾಗಿಲಿನದಾಗಿಯೇ ಉಳಿಯಿತು. ನಮ್ಮ ಅಜ್ಜಿಯಂಥವರ ಬೈಗುಳ ಮದರಾಸಿಗೆ ಮುಟ್ಟಿರಬೇಕು, ಅಲ್ಲಿನವರು ಮುಂದೆ ನಾಲ್ಕು ಬಾಗಿಲಿನದನ್ನು ತಾವೇ ಮಾಡಿದರು. ನಮ್ಮದು ಅದಕ್ಕೂ ಹಿಂದಿನದು.

ಲೇಖನದ ಇನ್ನೊಂದು ಸಾಲು ನನಗೆ ಹಿಡಿಸಲಿಲ್ಲ. ‘ಅಂದಿನ ಕಾರುಗಳು ಅಂದಿನ ಜನರಂತೆಯೇ ಗಟ್ಟಿಮುಟ್ಟು’ ಎಂದಿದೆ. ಜನರ ವಿಷಯ ನನಗೆ ಬೇಡ. ಕಾರಿನ ವಿಷಯ ಹೇಳುತ್ತೇನೆ. ಹೆರಾಲ್ಡ್‌ನ ಮೈ ಒಂದೇ ಅಚ್ಚಿನದಲ್ಲ, ತುಂಡು ತುಂಡು. ಅದಕ್ಕೊಂದು ಕಾರಣವಿದೆ. ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಫಿಷರ್ ಅಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಕಾರು ಕಂಪನಿ ಬಿಎಂಸಿಯವರು (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕೊಂಡುಬಿಟ್ಟರು. ಇಡಿಯಾಗಿ ಬಾಡಿ ಮಾಡಿಕೊಡುವವರು ಸಿಗದೆ, ಬೇರೆ ಬೇರೆ ಕಡೆ ಭಾಗಗಳನ್ನು ಮಾಡಿಸಿ, ಹಳೆಯ ಪದ್ಧತಿಯಂತೆ ಪ್ರತ್ಯೇಕ ಚಾಸಿಯ (ತಳದ ಚೌಕಟ್ಟಿನ) ಮೇಲೆ ಬೋಲ್ಟ್ ಹಾಕಿ ಜೋಡಿಸುವ ಉಪಾಯ ಹೂಡಿದರು. ರಿಪೇರಿಗೆ ಇದು ಸುಲಭ. ಒಂದು ತುಂಡು ಹಾಳಾದರೆ ಅದನ್ನಷ್ಟೇ ಬಿಚ್ಚಿದರಾಯಿತು. ಆದರೆ ಪ್ರತಿ ಜೋಡಣೆಯೂ ನೀರಿಗೆ ಒಂದು ಬಾಗಿಲು. ಈ ಕಾರು ಹುಟ್ಟಿದ ಕವೆಂಟ್ರಿ ಊರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ನಮ್ಮ ನೆರೆಯ ಆಗುಂಬೆಯಲ್ಲಿ ಸರಾಸರಿ 7,000ಕ್ಕೂ ಹೆಚ್ಚು. ಹತ್ತು ಪಟ್ಟು. ಅವರ ಹತ್ತು ವರ್ಷದ ಮಳೆಯನ್ನು ನಮ್ಮ ಕಾರು ಒಂದೇ ವರ್ಷದಲ್ಲಿ, ಅದರಲ್ಲೂ ಬಹುಪಾಲು ನಾಲ್ಕು ತಿಂಗಳಲ್ಲಿ ಕುಡಿಯಬೇಕಾಗಿತ್ತು. ಅದರ ದೋಷಗಳಲ್ಲಿ ಹುಟ್ಟಿನದೆಷ್ಟು, ಹಿಂದಿನ ಇಬ್ಬರು ಮಾಲೀಕರದೆಷ್ಟು, ಜಡಿಮಳೆಯದೆಷ್ಟು ಎಂದು ಭಾಗ ಮಾಡಿ ಹೇಳುವ ಲೆಕ್ಕ ನನಗೂ ಬರುವುದಿಲ್ಲ.

ಆಷಾಢದಲ್ಲಿ ಕಾರಿನೊಳಗೆ ಕೂತವರ ಮೊಣಕಾಲ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಅಮ್ಮ ಅಡಿಕೆ ಹಾಳೆಯನ್ನು ಅಳತೆಗೆ ಕತ್ತರಿಸಿ ಕಾಲಡಿಗೆ ಹಾಸಿದ್ದರು. ನೀರು ತುಂಬಿದಾಗ ಎತ್ತಿ ಹೊರಗೆ ಚೆಲ್ಲುವುದು, ಮತ್ತೆ ಹಾಸುವುದು. ತಮ್ಮ ಒಂದು ಸಲ ಅದರಲ್ಲಿ ಪುಟ್ಟ ಏಡಿಯೊಂದನ್ನು ಬಿಟ್ಟಿದ್ದ. ಎಂಜಿನ್ನಿನ ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿಗೆ ತೇವ ತಾಗಿದರೆ ಗಾಡಿ ನಿಂತಲ್ಲೇ ಮುಷ್ಕರ. ಆಗ ನಾವಿಬ್ಬರೂ ಇಳಿದು ಕೊಂಡಿ ಬಿಚ್ಚಬೇಕು, ಅಪ್ಪಯ್ಯ ಕಂಬಳಿ ಕೊಪ್ಪೆ ಹೊದ್ದು, ಅದರ ಮರೆಯಲ್ಲಿ ಮುಚ್ಚಳ ತೆಗೆದು ಒಣಬಟ್ಟೆಯಿಂದ ಒರೆಸಬೇಕು, ಉಪ್ಪು ಕಾಗದದಲ್ಲಿ ಪಾಯಿಂಟ್ ಉಜ್ಜಬೇಕು. ಅಷ್ಟರಲ್ಲಿ ನಮ್ಮ ಕಾಲಿಗೆ ಉಂಬಳ ಹತ್ತಿರುತ್ತಿತ್ತು. ಮನೆಯಲ್ಲಿ ಕಾರನ್ನು ಯಾವಾಗಲೂ ಕೊಟ್ಟಿಗೆಯ ಪಕ್ಕದ ಇಳಿಜಾರಿನಲ್ಲಿಯೇ ನಿಲ್ಲಿಸುತ್ತಿದ್ದುದು. ಹಿಂದಿನ ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದರೆ ಉರುಳಿಕೊಂಡು ಶುರುವಾಗಲಿ ಎಂದು. ಆಗಲೂ ಶುರುವಾಗದಿದ್ದರೆ ತೋಟದ ಕೆಲಸದವರನ್ನು ಕೂಗುವುದು.

ಹಿಂದಿನ ಚಕ್ರಗಳದ್ದು ಬೇರೆಯೇ ಪುರಾಣ. ಎರಡು ಚಕ್ರಗಳೂ ಒಂದೇ ಗಟ್ಟಿ ಅಚ್ಚಿನ ಮೇಲೆ ನಿಲ್ಲದೆ, ನಡುವಿನಿಂದ ರೆಕ್ಕೆಗಳ ಹಾಗೆ ಬೇರೆ ಬೇರೆಯಾಗಿ ಮೇಲೆ ಕೆಳಗೆ ಆಡುತ್ತಿದ್ದವು. ಭಾರ ಹೇರಿದರೆ ಕಾಲು ಅಗಲಿಸಿ ಕೂತ ಮುದುಕನಂತೆ ಚಕ್ರಗಳು ವಾಲಿಕೊಳ್ಳುತ್ತಿದ್ದವು. ಬರಿಗಾಡಿಯಲ್ಲಿ ವೇಗವಾಗಿ ತಿರುವಿಗೆ ನುಗ್ಗಿ, ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟರೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಂಡು ಹಿಂಭಾಗ ಜಾರುತ್ತಿತ್ತು. ಇದು ಅಂಥ ಅಚ್ಚಿನ ಗುಣವೆಂದು ಲೋಕಕ್ಕೆಲ್ಲ ಗೊತ್ತಿತ್ತು. ಅಪ್ಪಯ್ಯನಿಗೆ ಗೊತ್ತಾದದ್ದು ಮಂಡಗದ್ದೆಯ ಹತ್ತಿರ, ಶಿವಮೊಗ್ಗದ ಮಂಡಿಗೆ ಮೂರು ಮೂಟೆ ಅಡಿಕೆ ಹಾಕಿ ಹಿಂದಿರುಗುವಾಗ. ಹೋಗುವಾಗ ಭಾರವಿತ್ತು, ಸರಿಯಾಗಿತ್ತು. ಬರುವಾಗ ಕಾರು ಖಾಲಿ, ಅಪ್ಪಯ್ಯನ ಜೇಬು ಭರ್ತಿ. ಎರಡೂ ಸೇರಿ ವೇಗ ಸ್ವಲ್ಪ ಹೆಚ್ಚಾಗಿತ್ತು. ಗಾಡಿ ಬಂದ ದಾರಿಗೇ ಮುಖ ಮಾಡಿ ನಿಂತಿತಂತೆ. ಆಮೇಲೆ ಶಿವಮೊಗ್ಗದಿಂದ ಖಾಲಿ ಬರುವಾಗಲೆಲ್ಲ ಹಿಂದೆ ಎರಡು ಮೂಟೆ ಹಿಂಡಿ ಹೇರಿಕೊಂಡು ಬರುವ ಪದ್ಧತಿಯಾಯಿತು. ದನಗಳಿಗೆ ಲಾಭವಾಯಿತು. 1972ರಲ್ಲಿ ಮದರಾಸಿನವರು ಇದರ ಬದಲಿಗೆ ಗೆಝೆಲ್ ಎಂಬುದನ್ನು ತಂದಾಗ ಹಿಂದಿನ ಅಚ್ಚನ್ನು ಗಟ್ಟಿಯದಾಗಿ ಬದಲಿಸಿದ್ದರು. ನಮಗೆ ಅದು ತಿಳಿದದ್ದು ಹೆರಾಲ್ಡ್ ತಂದ ಮೇಲೆ.

ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ನಾನು ನಡೆದೇ ಬಲ್ಲೆ. ಉಡುಪಿಯಿಂದ ಹಿಂದಿರುಗುವಾಗ ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ ರೇಡಿಯೇಟರಿಗೆ ನೀರು ತುಂಬಿಸಿ, ಇನ್ನೆರಡು ಚೊಂಬು ನೀರನ್ನು ನಮ್ಮ ಕೈಗೆ ಕೊಡುತ್ತಿದ್ದರು. 948 ಸಿ.ಸಿ.ಯ ಎಂಜಿನ್ನು, ಒಳಗೆ ಆರು ಜನ, ಜೊತೆಗೆ ಮಲ್ಪೆಯ ಉಪ್ಪಿನ ಚೀಲ. ನಾಲ್ಕನೆಯ ತಿರುವಿಗೆ ಕಾದು ಹಬೆಯಾಡತೊಡಗಿದರೆ ಅಜ್ಜಿಯೊಬ್ಬರನ್ನು ಬಿಟ್ಟು ಉಳಿದವರೆಲ್ಲ ಇಳಿಯುವುದು. ಅಪ್ಪಯ್ಯ, ಅಜ್ಜಿ ಮುಂದೆ. ನಾವು ಚೊಂಬು ಹಿಡಿದು ಹಿಂದೆ. ಪಲ್ಲಕ್ಕಿಯ ಹಿಂದೆ ಹೊರಟ ಪರಿವಾರದಂತೆ. ಒಂದು ಸಲ ತೀರ್ಥಹಳ್ಳಿಯ ಅಂಬಾಸಿಡರ್ ಟ್ಯಾಕ್ಸಿಯೊಂದು ನಮ್ಮನ್ನು ದಾಟಿ ಹೋಗಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, ‘ಭಟ್ಟರೇ, ಹಗ್ಗ ಬೇಕಾ?’ ಎಂದು ಕೇಳಿದ. ‘ನಿನ್ನ ಎತ್ತು ಕಟ್ಟುವುದಕ್ಕೆ ಇಟ್ಟುಕೋ’ ಎಂದರು ಅಪ್ಪಯ್ಯ. ಆ ದಿನ ಮನೆ ತಲುಪಿದ್ದು ರಾತ್ರಿ ಹತ್ತಕ್ಕೆ.

ಇಷ್ಟೆಲ್ಲ ಹೇಳಿದ ಮೇಲೆ ಅದರ ಒಂದು ಗುಣವನ್ನು ಬಚ್ಚಿಟ್ಟರೆ ಅನ್ಯಾಯವಾಗುತ್ತದೆ. ಈ ಕಾರು 25 ಅಡಿ ವ್ಯಾಸದ ವೃತ್ತದೊಳಗೆ ಪೂರ್ತಿ ತಿರುಗುತ್ತಿತ್ತು. ಅಂಬಾಸಿಡರಿಗೆ ಇದು ಕನಸು. ನಮ್ಮ ಅಂಗಳದ ಒಂದು ಕಡೆ ಜಗಲಿ, ಇನ್ನೊಂದು ಕಡೆ ದರೆ, ಸುಗ್ಗಿಯಲ್ಲಾದರೆ ನಡುವೆಲ್ಲ ಅಡಿಕೆ ಒಣಗಿಸುವ ಚಪ್ಪರದ ಕಂಬಗಳು. ನೆಂಟರ ಅಂಬಾಸಿಡರುಗಳು ಉಣಗೋಲಿನ ಹೊರಗೇ ನಿಂತು, ಹಿಮ್ಮುಖವಾಗಿ ಅರ್ಧ ಫರ್ಲಾಂಗು ಹೋಗಬೇಕಾಗಿತ್ತು. ಅಪ್ಪಯ್ಯ ಒಳಗೆ ಬಂದು, ಕಂಬಗಳ ನಡುವೆ ಒಂದೇ ಸಲಕ್ಕೆ ಚಕ್ರಾಕಾರ ಸುತ್ತಿ, ಮೂತಿಯನ್ನು ಬಾಗಿಲ ಕಡೆಗೆ ಮಾಡಿ ನಿಲ್ಲಿಸಿ, ಏನೂ ಆಗದವರಂತೆ ಇಳಿಯುತ್ತಿದ್ದರು. ನೆಂಟರಿದ್ದರೆ ಎರಡು ಸುತ್ತು. ಸಗಣಿ ಸಾರಿಸಿದ ಅಂಗಳದಲ್ಲಿ ಚಕ್ರದ ಗುರುತು ಬಿದ್ದು ಅಮ್ಮ ಕೂಗಾಡುತ್ತಿದ್ದರು. ಎಂಟನೆಯ ತರಗತಿಯಲ್ಲಿ ವೃತ್ತದ ಪರಿಧಿಯ ಪಾಠ ಬಂದಾಗ ನಾನು ಹಗ್ಗ ಹಿಡಿದು ಆ ಗುರುತನ್ನು ಅಳೆದು, ವ್ಯಾಸದಿಂದ ಭಾಗಿಸಿ ನೋಡಿದೆ. ಮೂರೂ ಚಿಲ್ಲರೆ ಬಂತು. ನಾನು ಗಣಿತ ಹಿಡಿದದ್ದು ಅಲ್ಲಿಂದ. 1982ರಲ್ಲಿ ಕಾರು ಓಡಿಸಲು ಕಲಿತದ್ದೂ ಅದೇ ಅಂಗಳದಲ್ಲಿ. ಚಪ್ಪರದ ಕಂಬವೊಂದನ್ನು ಬೀಳಿಸಿದೆ. ಅಪ್ಪಯ್ಯ ಬೀಳಿಸಿದ್ದು ಎರಡು.

ಅಪ್ಪಯ್ಯನ ಲೆಕ್ಕದ ಪುಸ್ತಕಗಳು ಈಗ ನನ್ನ ಹತ್ತಿರ ಇವೆ. ಅದರಲ್ಲಿ ಕಾರಿಗೆಂದು ಬೇರೆ ಖಾತೆ ಇಲ್ಲ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆರೋಗದ ಮದ್ದಿನ ಖರ್ಚು ಬರೆಯುವ ‘ಕೊಳೆ ಔಷಧಿ’ ಎಂಬ ತಲೆಬರಹದಡಿಯಲ್ಲಿಯೇ ಬರೆದಿದ್ದಾರೆ: ಮೈಲುತುತ್ತ, ಸುಣ್ಣ, ರಾಳ, ಕ್ಲಚ್ ಪ್ಲೇಟ್. ಮುಂದಿನ ಮಳೆಗಾಲ: ಮೈಲುತುತ್ತ, ಸುಣ್ಣ, ಮರ ಹತ್ತುವ ಕೊನೆಗೌಡನಿಗೆ ಮುಂಗಡ, ಕಾರಿನ ತಳಕ್ಕೆ ತಗಡು ಬೆಸುಗೆ. ಬೇಕೆಂದೇ ಹಾಗೆ ಬರೆದರೋ, ಎರಡೂ ಮಳೆಯ ರೋಗವೆಂದು ನಿಜವಾಗಿಯೂ ತಿಳಿದಿದ್ದರೋ, ಕೇಳಬೇಕೆಂದು ನನಗೆ ಹೊಳೆದದ್ದು ಅವರು ಹೋದ ಮೇಲೆ.

2019ರಲ್ಲಿ ಮಗಳ ಮನೆಯೆಂದು ಕವೆಂಟ್ರಿಗೆ ಹೋಗಿ ಮೂರು ತಿಂಗಳು ಇದ್ದೆ. ಪಕ್ಕದ ಮನೆಯ ಅಜ್ಜ ಹೆರಾಲ್ಡ್ ತಯಾರಾಗುತ್ತಿದ್ದ ಕ್ಯಾನ್ಲಿ ಕಾರ್ಖಾನೆಯಲ್ಲಿ ದುಡಿದವರು. ಅಲ್ಲಿ ಕಾರು ತಯಾರಿಕೆ 1980ರಲ್ಲಿ ನಿಂತಿತು. ಈಗ ಆ ಜಾಗದಲ್ಲಿ ಬೇರೆ ಬೇರೆ ಕಂಪನಿಗಳ ಕಟ್ಟಡಗಳಿವೆ. ಅಲ್ಲಿನ ಒಂದು ರಸ್ತೆಯ ಹೆಸರು ಹೆರಾಲ್ಡ್ ಅವೆನ್ಯೂ. ಅಜ್ಜನ ಬಳಿ ಸ್ವಂತಕ್ಕೆ ಒಂದು ಆಸ್ಟಿನ್ ಅಲೆಗ್ರೋ ಇತ್ತು. 1973ರಲ್ಲಿ ಅದು ಹೊರಬಂದಾಗ ಸ್ಟೀರಿಂಗ್ ಚಕ್ರವನ್ನು ಗುಂಡಗೆ ಮಾಡದೆ, ಮೂಲೆ ಉರುಟಿಸಿದ ಚೌಕದಂತೆ ಮಾಡಿದ್ದರು. ವೃತ್ತವನ್ನು ಚೌಕ ಮಾಡುವುದು ಗಣಿತದಲ್ಲಿಯೇ ಆಗದ ಕೆಲಸ. ಕಾರಿನಲ್ಲಿ ಮಾಡಿದರೆ ಜನ ನಗದೆ ಬಿಟ್ಟಾರೆಯೇ? ಎರಡು ವರ್ಷದೊಳಗೆ ಗುಂಡನೆಯದನ್ನೇ ಹಾಕಿದರು. ಅಲ್ಲಿ ಆ ಕಾರನ್ನೂ ಅದೇ ಕಾಲದ ಮೋರಿಸ್ ಮರೀನಾವನ್ನೂ ಬೈಯದವರಿಲ್ಲ. ಆದರೆ ಸಾಧಾರಣ ಕಾರುಗಳಿಗೆಂದೇ ಅಲ್ಲೊಂದು ಕೂಟವಿದೆ, 2014ರಲ್ಲಿ ಶುರುವಾದದ್ದು. ರಾಜರ ಕಾರು, ರೇಸಿನ ಕಾರು ಅಲ್ಲಿಗೆ ಬೇಡ. ಒಂದು ಕಾಲದಲ್ಲಿ ಬೀದಿ ತುಂಬ ಇದ್ದು, ಯಾರೂ ಉಳಿಸಿಕೊಳ್ಳಬೇಕೆಂದು ಅಂದುಕೊಳ್ಳದ ಮನೆಬಳಕೆಯ ಗಾಡಿಗಳೇ ಬೇಕು. ಅಜ್ಜ ಅಲೆಗ್ರೋವನ್ನು ತೊಳೆದು ಒರೆಸುವುದನ್ನು ನೋಡಿದರೆ ರಥೋತ್ಸವಕ್ಕೆ ತೇರು ಕಟ್ಟುತ್ತಿದ್ದಾರೆ ಎನ್ನಬೇಕು. ನಮ್ಮಲ್ಲೂ ಹೆರಾಲ್ಡ್ ಇತ್ತು, 1991ರವರೆಗೆ ಓಡಿತು ಎಂದೆ. ನಂಬಲಿಲ್ಲ. ನಿಮ್ಮಲ್ಲಿ ಮಳೆ ಎಷ್ಟು ಎಂದು ಕೇಳಿದರು. ಆಗುಂಬೆಯ ಅಂಕಿಯನ್ನು ಹೇಳಿದೆ. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, ನನ್ನ ಕೈ ಹಿಡಿದು ಕ್ಷಮೆ ಕೇಳಿದರು.

ನಮ್ಮಲ್ಲಿ ಇಂಥ ಗಾಡಿಗಳು ಉಳಿದಿರುವುದು ಅಪರೂಪ. ಉಳಿದವುಗಳಿಗೂ ಕಾಗದಪತ್ರದ ತೊಡಕು. ಕೇಂದ್ರ ಸರ್ಕಾರ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಎಂಬ ವ್ಯವಸ್ಥೆ ಮಾಡಿದೆ. ಒಳ್ಳೆಯದೇ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು; ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು ಎಂಬ ನಿಯಮವಿದೆ. ಅರಮನೆಯ ಲಾಯದಲ್ಲಿ ಬಟ್ಟೆ ಹೊದ್ದು ಮಲಗಿದ್ದ ಕಾರಿಗೆ ಇದು ಸರಿ. ನಮ್ಮ ಹೆರಾಲ್ಡ್‌ನ ತಳವನ್ನು ಬಿ.ಎಚ್. ರಸ್ತೆಯ ಗ್ಯಾರೇಜಿನ ಸಾಬರು ಎಣ್ಣೆ ಡಬ್ಬದ ತಗಡಿನಿಂದ ಕಟ್ಟಿದ್ದರು. ರೇಡಿಯೇಟರ್ ಜೀಪಿನದು. ಹಾರ್ನ್ ಯಾವುದೋ ಬಸ್ಸಿನದು, ಒತ್ತಿದರೆ ದನಗಳು ತೋಟಕ್ಕೆ ಹಾರುತ್ತಿದ್ದವು. ಬಿಡಿಭಾಗ ಮದರಾಸಿನಿಂದ ಬರಬೇಕಾದರೆ ತಿಂಗಳು. ಸಾಬರು ಅಷ್ಟರಲ್ಲಿ ಲೇತಿನಲ್ಲಿ ತಾವೇ ಕಡೆದು ಹಾಕಿರುತ್ತಿದ್ದರು. ಆ ಕಾರಿನಲ್ಲಿ ನೋಡಲು ಯೋಗ್ಯವಾದದ್ದು ಏನಾದರೂ ಇದ್ದರೆ ಅದು ಸಾಬರ ಕೈಕೆಲಸವೇ ಆಗಿತ್ತು. ನಿಯಮದ ಕಣ್ಣಿಗೆ ಅದೇ ದೋಷ.

ಮಂಡಿಯ ಸಾಹುಕಾರರೊಬ್ಬರು 1986ರಲ್ಲಿ ಅದೇ ಮದರಾಸಿನವರ ಸ್ಟ್ಯಾಂಡರ್ಡ್ 2000 ಎಂಬ ಕಾರು ಕೊಂಡಿದ್ದರು. ನೋಡಲು ಬ್ರಿಟನ್ನಿನ ರೋವರ್ ಎಸ್‌ಡಿ1. ಅಲ್ಲಿ ಅದಕ್ಕೆ ಎಂಟು ಸಿಲಿಂಡರಿನ ಎಂಜಿನ್ ಇತ್ತು. ಇಲ್ಲಿ ಹಾಕಿದ್ದು 1940ರ ದಶಕದ ಸ್ಟ್ಯಾಂಡರ್ಡ್ ವ್ಯಾನ್‌ಗಾರ್ಡ್ ಕಾರಿನ ಎಂಜಿನ್ನಿನ ಸಂತಾನ. ಅದು ಫರ್ಗ್ಯೂಸನ್ ಟ್ರ್ಯಾಕ್ಟರಿನ ಎಂಜಿನ್ನಿಗೂ ಹತ್ತಿರದ ನೆಂಟ. 1988ಕ್ಕೆ ಆ ಕಾರಿನ ಕಥೆ ಮುಗಿಯಿತು. ಅಪ್ಪಯ್ಯ ಗಾಂಧಿ ಬಜಾರಿನಲ್ಲಿ ಆ ಕಾರನ್ನು ನೋಡಿ ಬಂದು, ‘ನಮ್ಮದರ ತಮ್ಮ ದೊಡ್ಡ ಮನೆಗೆ ದತ್ತು ಹೋಗಿದ್ದಾನೆ’ ಎಂದಿದ್ದರು.

ನಮ್ಮ ಹೆರಾಲ್ಡನ್ನು 1991ರಲ್ಲಿ ತಮ್ಮ ಗುಜರಿಯವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟ. ಯಾರೂ ಅಳಲಿಲ್ಲ. ಅಪ್ಪಯ್ಯ ಮಾತ್ರ ಹಿಂದಿನ ಸೀಟನ್ನು ಬಿಚ್ಚಿಸಿ ಜಗಲಿಯಲ್ಲಿ ಹಾಕಿಸಿದರು. ಅಜ್ಜಿ ಆಗ ಇರಲಿಲ್ಲ. ಇದ್ದಿದ್ದರೆ ಆ ಸೀಟಿನಲ್ಲಿ ಮೊದಲ ಸಲ ಕೂರುತ್ತಿದ್ದರೋ ಏನೋ.

ನಾನು ಕೇಳುವುದು ಒಂದೇ ಸಾಲಿನ ತಿದ್ದುಪಡಿ. ಯಾವ ಮೂಲೆಯಲ್ಲಾದರೂ ಹಾಕಿ: ‘ಕಳೆದ ವಾರ ಫಿಯಟ್ ಎಂದು ಅಚ್ಚಾದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್.’ ‘ಗಟ್ಟಿಮುಟ್ಟು’ ಎಂಬುದನ್ನು ಅದಕ್ಕೆ ಸೇರಿಸಬೇಡಿ.

ಇನ್ನೊಂದು. ಚಿತ್ರದಲ್ಲಿರುವ ಕಾರಿನ ಬಲಗಡೆಯ ಹಿಂದಿನ ದೀಪಕ್ಕೆ ಕೆಂಪು ಗಾಜಿನ ಬದಲು ಬಣ್ಣದ ಕಾಗದ ಅಂಟಿಸಿದಂತೆ ಕಾಣುತ್ತದೆ. ನಮ್ಮ ಮೇಗರವಳ್ಳಿ ಮನೆಯ ಅಟ್ಟದಲ್ಲಿ ಒಂದು ಜೊತೆ ದೀಪದ ಗಾಜು, ಬಾನೆಟ್ಟಿನ ಬಲಗಡೆಯ ಕೊಂಡಿ, ಸಾಬರು ಕಡೆದುಕೊಟ್ಟು ಹಾಕದೆ ಉಳಿದ ಎರಡು ಬುಷ್ ಇವೆ. ಆ ಕಾರಿನ ಮಾಲೀಕರು ಯಾರೆಂದು ನನಗೆ ತಿಳಿಯದು. ಪತ್ರಿಕೆಯ ಮೂಲಕ ತಿಳಿಸಿದರೆ ತಮ್ಮನಿಗೆ ಹೇಳಿ ಇಳಿಸಿಡಿಸುತ್ತೇನೆ, ಬಂದು ಒಯ್ಯಲಿ. ದುಡ್ಡು ಬೇಡ. ಮಳೆಗಾಲಕ್ಕೆ ಮೊದಲು ಬಂದರೆ ಒಳ್ಳೆಯದು.

ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕಿ, ಶಿವಮೊಗ್ಗ